ಬುಡೇನ್ ಸಾಬರು ಕೊಳ್ಳದ ಜೀಪು

ತುಂಗಭದ್ರೆಯ ದಂಡೆಯ ಆಶ್ರಮಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಜೀಪು ಬಂದು ಎರಡು ವರ್ಷವಾಗಿತ್ತು. ಅದನ್ನು ಆರಿಸಿ ತಂದವನೂ, ಓಡಿಸುವವನೂ, ದಿನಾ ಬೈಯುವವನೂ ಶಿಷ್ಯ ಕೊಟ್ರಯ್ಯನೇ.

ಒಂದು ದಿನ ಅವನು ಕೈಯೆಲ್ಲಾ ಮಸಿ ಮಾಡಿಕೊಂಡು ಗುರುಗಳ ಮುಂದೆ ಬಂದು ನಿಂತ. ಗುರುಗಳು ಮೊದಲು ಒಂದು ತಟ್ಟೆ ಮಂಡಕ್ಕಿ, ಒಂದು ಲೋಟ ಚಹಾ ಕೊಡಿಸಿದರು. ಅದು ಮುಗಿದ ಮೇಲೆ, "ಈಗ ಹೇಳಪ್ಪ" ಎಂದರು.

"ಸಾಕಾಯ್ತು ಬುದ್ಧೀ! ರೇಡಿಯೇಟರ್ ಸರಿಮಾಡಿದರೆ ಕ್ಲಚ್ ಹೋಗುತ್ತೆ. ಕ್ಲಚ್ ಸರಿಮಾಡಿದರೆ ಸೆಲ್ಫ್ ಹಿಡಿಯಲ್ಲ. ಮಾರಿದ ಪುಣ್ಯಾತ್ಮ ಒಂದೇ ಒಂದು ದೋಷ ಹೇಳಲಿಲ್ಲ. 'ಕಣ್ಣುಮುಚ್ಚಿ ತಗೊಂಡು ಹೋಗಿ' ಅಂದ. ನಾನೂ ಹಾಗೇ ತಂದೆ."

"ಈಗೇನು ಮಾಡಬೇಕು ಅಂತೀಯ?"

"ಮಾರಿಬಿಡೋಣ. ಸೋಮವಾರ ಹಾಲಮ್ಮನ ಕಣ್ಣಿನ ಆಪರೇಷನ್. ಹೋದ ಸಲ ಇದು ದಾರೀಲಿ ನಿಂತು, ಆಸ್ಪತ್ರೆಯವರು ಕೊಟ್ಟ ದಿನವೇ ತಪ್ಪಿಹೋಯ್ತು. ಮತ್ತೆ ತಪ್ಪಿದರೆ ಆಕೆಗೆ ಹೇಗೆ ಮುಖ ತೋರಿಸಲಿ?"

ಹಾಲಮ್ಮ ಆಶ್ರಮದ ಅಡುಗೆಯಾಕೆ. ಕಣ್ಣಿನ ಪೊರೆ ಬಲಿತು, ಈಗೀಗ ಅಕ್ಕಿಯ ಕಲ್ಲನ್ನು ಬೆರಳಲ್ಲೇ ತಡಕಿ ತೆಗೆಯುತ್ತಿದ್ದಳು.

"ಪೇಟೆಯಲ್ಲಿ ಇನ್ನೊಂದು ಜೀಪು ನೋಡಿಟ್ಟಿದೀನಿ ಬುದ್ಧೀ. ಅದರಲ್ಲಿ ಏನೂ ದೋಷ ಇಲ್ಲವಂತೆ."

"ಯಾರು ಹೇಳಿದರು?"

"ಮಾರುವವರೇ."

ಗುರುಗಳು ಮೀಸೆಯಲ್ಲೇ ನಕ್ಕರು. "ಆಗಲಿ, ಇದನ್ನು ಮಾರು. ಆದರೆ ಕೊಳ್ಳುವವರಿಗೆ ಒಂದು ದೋಷವನ್ನೂ ಮುಚ್ಚಿಡಬಾರದು."

ಭಾನುವಾರ ಬುಡೇನ್ ಸಾಬರು ಬಂದರು. ಸಂತೆಯಿಂದ ಸಂತೆಗೆ ತರಕಾರಿ ಸಾಗಿಸುವವರು. ಜೀಪಿನ ಸುತ್ತ ಒಂದು ಸುತ್ತು ಹಾಕಿ, "ಏನೇನು ತೊಂದರೆ ಇದೆ?" ಎಂದು ಕೇಳಿದರು.

ಕೊಟ್ರಯ್ಯ ಶುರು ಮಾಡಿದ.

"ಬೆಳಿಗ್ಗೆ ಸೆಲ್ಫ್ ಹಿಡಿಯಲ್ಲ ಸಾಬ್ರೇ. ಹಿಂದಿನ ಸಂಜೆಯೇ ಇಳಿಜಾರಲ್ಲಿ ನಿಲ್ಲಿಸಿದ್ರೆ ತಳ್ಳೋರು ಬೇಡ, ಬ್ರೇಕ್ ಬಿಟ್ಟರೆ ಉರುಳಿ ಸ್ಟಾರ್ಟ್ ಆಗುತ್ತೆ. ಹತ್ತು ಮೈಲಿಗೊಮ್ಮೆ ನೀರು ಹಾಕಬೇಕು. ಆದರೆ ಮುಚ್ಚಳ ತಕ್ಷಣ ತೆಗೀಬೇಡಿ, ಎಲೆಅಡಿಕೆ ಹಾಕ್ಕೊಳ್ಳೋ ಹೊತ್ತು ಆರಲಿ. ಮೂರನೇ ಗೇರ್ ಜಾರುತ್ತೆ, ಏರಿನಲ್ಲಿ ಕೈಯಲ್ಲಿ ಹಿಡ್ಕೊಂಡಿರಿ. ಕ್ಲಚ್ ವೈರ್ ಕಿತ್ತುಹೋಗೋ ಮುಂಚೆ ಎರಡು ದಿನ ಪೆಡಲ್ ಗಟ್ಟಿಯಾಗುತ್ತೆ. ಸೀಟಿನ ಕೆಳಗೆ ಹೊಸದೊಂದು ಇಟ್ಟಿದೀನಿ."

"ಹಾಗಾದರೆ ಹೋದ ಸಲ ದಾರೀಲಿ ಯಾಕಪ್ಪ ನಿಂತಿತು?" ಎಂದು ಪಕ್ಕದಲ್ಲೇ ನಿಂತಿದ್ದ ಗುರುಗಳು ಕೇಳಿದರು.

ಕೊಟ್ರಯ್ಯ ತಲೆ ಕೆರೆದುಕೊಂಡ. "ಅವತ್ತು... ನೀರು ನೋಡಿರಲಿಲ್ಲ. ನನಗೆ ಅವಸರ ಇತ್ತು."

ಬುಡೇನ್ ಸಾಬರು ಬಿದ್ದು ಬಿದ್ದು ನಕ್ಕರು. "ಅಲ್ಲಯ್ಯಾ, ಇದು ಎಲ್ಲಿ ಕೈಕೊಡುತ್ತೆ ಅಂತ ನಿನಗೆ ಪೂರ್ತಿ ಗೊತ್ತು. ಬೇರೆ ಜೀಪು ತಂದರೆ ಅದು ಎಲ್ಲಿ ಕೈಕೊಡುತ್ತೋ ಯಾರಿಗೆ ಗೊತ್ತು? ನೀನೇ ಇಟ್ಟುಕೋ!"

ಚಹಾ ಕುಡಿದು ಹೊರಟೇಬಿಟ್ಟರು.

ಆ ಸಂಜೆ ಕೊಟ್ರಯ್ಯ ಜೀಪನ್ನು ಇಳಿಜಾರಿನಲ್ಲಿ ನಿಲ್ಲಿಸಿದ. ನಾಲ್ಕು ಕ್ಯಾನ್ ನೀರು ತುಂಬಿಸಿಟ್ಟ. ಸೋಮವಾರ ಒಂದು ಗಂಟೆ ಮುಂಚೆಯೇ ಹೊರಟ. ದಾರಿಯಲ್ಲಿ ಎರಡು ಕಡೆ ಅವನೇ ನಿಲ್ಲಿಸಿದ. ಎರಡು ಕಡೆಯೂ ಹಾಲಮ್ಮ ನಿಧಾನವಾಗಿ ಎಲೆಅಡಿಕೆ ಹಾಕಿಕೊಂಡಳು. ಡಾಕ್ಟರು ಬರುವ ಮೊದಲೇ ಆಸ್ಪತ್ರೆ ತಲುಪಿದರು.

ನಾಲ್ಕು ದಿನ ಕಳೆದ ಮೇಲೆ ಹಾಲಮ್ಮ ಮೊರದ ಮುಂದೆ ಕೂತು, ಕಲ್ಲನ್ನು ಕಣ್ಣಿಂದಲೇ ನೋಡಿ ಹೆಕ್ಕಿದಳು. ಅದನ್ನು ನೋಡಿ ಕೊಟ್ರಯ್ಯನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು.

ನದಿಯ ಮೆಟ್ಟಿಲ ಮೇಲೆ ಗುರುಗಳ ಪಕ್ಕ ಕೂತು ಹೇಳಿದ: "ಜೀಪಿನ ಮೇಲಿನ ಸಿಟ್ಟು ಹೋಯ್ತು ಬುದ್ಧೀ. ಮಾರಿದವನ ಮೇಲಿನ ಸಿಟ್ಟು ಮಾತ್ರ ಹೋಗಿಲ್ಲ. ಒಂದು ದೋಷವನ್ನಾದರೂ ಬಾಯಿಬಿಟ್ಟು ಹೇಳಬಹುದಿತ್ತು."

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ಹದಿನಾಲ್ಕು ವರ್ಷದ ಹಿಂದೆ ನಿನ್ನನ್ನು ಇಲ್ಲಿ ತಂದುಬಿಟ್ಟನಲ್ಲ ನಿಮ್ಮ ಸೋದರಮಾವ, ಅವನೂ ಹೇಳಲಿಲ್ಲ ಕಣೋ."