ಪಾರವ್ವ ಬಿಟ್ಟುಹೋದ ಮೂರು ಒಗಟು

"ಕೇಳಿರಪ್ಪಾ ಕೇಳಿ! ಕಲ್ಮರಡಿಯ ಅರಸಿ ಚನ್ನಾಜಿಯವರ ಅಪ್ಪಣೆ! ಅರಸಿಯವರನ್ನು ಹಾಲೂಡಿಸಿ ಸಾಕಿದ ಪಾರವ್ವನ ಮನೆ, ಬಾವಿ, ಹಿತ್ತಲು, ಸುತ್ತಲಿನ ಹೊಲ ಎಲ್ಲವೂ ಮೂರು ಒಗಟು ಬಿಡಿಸಿದವರಿಗೆ! ತಪ್ಪು ಹೇಳಿದವರಿಗೆ ಶಿರಚ್ಛೇದ!"

ಡಂಗುರ ಊರೂರು ಸುತ್ತಿತು.

ಹುಟ್ಟುತ್ತಲೇ ತಾಯಿಯನ್ನು ಕಳೆದುಕೊಂಡ ಚನ್ನಾಜಿ ಬೆಳೆದದ್ದು ಪಾರವ್ವನ ಮನೆಯಲ್ಲಿ. ಪಾರವ್ವ ತೀರಿಕೊಂಡಾಗ, ಆ ಅಂಗಳದಲ್ಲಿ ಇನ್ನೊಬ್ಬರು ಓಡಾಡುವುದನ್ನು ಸಹಿಸಲಾರದೆ ಅರಸಿ ಮನೆಗೆ ಬೀಗ ಹಾಕಿಸಿ ಮುದ್ರೆ ಒತ್ತಿಸಿದಳು. ಮಳೆಗಾಲಗಳು ಬಂದು ಹೋದವು. ಗೋಡೆ ಉಬ್ಬಿತು, ತೊಲೆಗೆ ಗೆದ್ದಲು ಹತ್ತಿತು, ಹಿತ್ತಲಲ್ಲಿ ಜಾಲಿ ಬೆಳೆಯಿತು. "ಕೆಡವಿಬಿಡೋಣ" ಎಂದ ಮಂತ್ರಿ. ಅರಸಿಗೆ ಮನಸ್ಸಾಗಲಿಲ್ಲ; ಅವ್ವನ ಕೊನೆಯ ಮಾತು ನೆನಪಾಯಿತು. "ಮನೆಯನ್ನು ಬಲ್ಲವರ ಕೈಗೆ ಕೊಡು ಮಗಳೇ" ಎಂದು ಪಾರವ್ವ ಸಾಯುವ ಮುನ್ನ ಮೂರು ಒಗಟು ಹೇಳಿದ್ದಳು. ಎರಡಕ್ಕೆ ಉತ್ತರವನ್ನೂ ಹೇಳಿದ್ದಳು. ಮೂರನೆಯದಕ್ಕೆ ಹೇಳುವಷ್ಟರಲ್ಲಿ ಉಸಿರು ನಿಂತಿತ್ತು. ಹೊಲದ ಆಸೆಗೆ ಬರುವವರನ್ನು ದೂರ ಇಡಲೆಂದೇ ಅರಸಿ ತಲೆಯ ಪಣ ಇಟ್ಟಳು.

ಆದರೂ ಬಂದರು. ಮೊದಲು ಬಂದವನು ಪಾಳೇಗಾರನ ಮಗ ಸಂಗನಾಯಕ. ಅರಸಿ ಕೇಳಿದಳು: "ಮನೆಯವರೆಲ್ಲ ಬೇಡವೆಂದು ಹೊರಗೆ ನೂಕುತ್ತಾರೆ. ಹೊರಗೆ ಹೋದದ್ದು ಆ ಮನೆಯವರಿಗೇ ಊಟಕ್ಕಿಡುತ್ತದೆ. ಏನದು?"

"ಜಗಳವಾಡಿ ಮನೆ ಬಿಟ್ಟ ಮಗ. ದೂರದಲ್ಲಿ ದುಡಿದು ಕಾಳು ಕಳಿಸುತ್ತಾನೆ!"

"ಅಲ್ಲ."

ಭಟರು ಅವನನ್ನು ಸೆರೆಮನೆಗೆ ಕರೆದೊಯ್ದರು. ಅಮಾವಾಸ್ಯೆ ಕಳೆದ ಮೇಲೆ ಅವನ ತಲೆ ಹೋಗಬೇಕು.

ಮರುದಿನ ಕುದುರೆ ವ್ಯಾಪಾರಿ ಬಸವಂತ ಬಂದ. ಅವನಿಗೆ ಬೇರೆ ಒಗಟು. "ಯಾರ ತಲೆಯ ಮೇಲೆ ಮಣ್ಣು ಹಾಕಿದರೂ ಶಪಿಸುತ್ತಾರೆ. ಒಂದು ಮಾತ್ರ, ಮಣ್ಣು ಹಾಕದಿದ್ದರೆ ಅಳುತ್ತದೆ."

ಬಸವಂತ "ಸಮಾಧಿ..." ಎಂದ. ಅವನೂ ಸೆರೆಮನೆ ಸೇರಿದ. ಮತ್ತೆ ಯಾರೂ ಅರಮನೆಯತ್ತ ಸುಳಿಯಲಿಲ್ಲ.

ಆಗ ಬಂದವನು ಕುರಿ ಕಾಯುವ ಹುಲುಗಪ್ಪ. ಹೆಗಲ ಮೇಲಿನ ಕಂಬಳಿ ಇಳಿಸಿ ಕೈಮುಗಿದು ನಿಂತ.

"ನಿನಗೂ ಹೊಲದ ಆಸೆಯೇನಪ್ಪಾ?" ಎಂದಳು ಅರಸಿ.

"ಇಲ್ಲ ತಾಯಿ. ನೀವು ಅರಮನೆಗೆ ಹೋದ ಮೇಲೆ, ಹೆತ್ತವರಿಲ್ಲದ ನನಗೆ ಪಾರವ್ವ ಅನ್ನ ಹಾಕಿದಳು, ಮಲಗೋಕೆ ಪಡಸಾಲೆ ಕೊಟ್ಟಳು. ಆ ಮನೆ ಬೀಳೋದನ್ನ ನೋಡ್ಕೊಂಡು ಸುಮ್ಮನಿರೋಕೆ ಆಗ್ತಿಲ್ಲ."

ಅರಸಿ ಮೊದಲ ಒಗಟು ಕೇಳಿದಳು. ಹುಲುಗಪ್ಪನ ಮುಖ ಅರಳಿತು. "ಬಚ್ಚಲ ನೀರು. ಹರಿದು ಹಿತ್ತಲಿಗೆ ಹೋಗಿ ಬಾಳೆ, ಬಸಳೆ ಬೆಳೆಸುತ್ತೆ."

ಎರಡನೆಯದಕ್ಕೂ ತಡವಾಗಲಿಲ್ಲ. "ಮಣ್ಣಿನ ಮಾಳಿಗೆ ತಾಯಿ. ಮಳೆಗೆ ಮುಂಚೆ ಹೊಸ ಮಣ್ಣು ಹಾಕಿ ತುಳಿಯದಿದ್ದರೆ ಸೋರುತ್ತೆ."

ಸಭೆಯಲ್ಲಿ ಗುಜುಗುಜು ಎದ್ದಿತು. ಅರಸಿಯ ದನಿ ತಗ್ಗಿತು. "ಇದರ ಉತ್ತರ ನನಗೂ ಗೊತ್ತಿಲ್ಲ. ಸರಿಯುತ್ತರ ಕಿವಿಗೆ ಬಿದ್ದರೆ ತಿಳಿದೀತು. ಹೊಟ್ಟೆ ತಣ್ಣಗಿರಲಿ ಎಂದು ಎಲ್ಲರನ್ನೂ ಹರಸುತ್ತೇವೆ. ಹೊಟ್ಟೆ ತಣ್ಣಗಾದರೆ ಸಾಯುವುದು ಯಾವುದು?"

ಹುಲುಗಪ್ಪನಿಗೆ ಹಳೆಯದೊಂದು ನೆನಪು ಬಂತು. ಪಾರವ್ವ ನೆಂಟರ ಮನೆಯಲ್ಲಿ ಉಂಡು ಬಂದ ದಿನವೂ ಒಲೆ ಹೊತ್ತಿಸುತ್ತಿದ್ದಳು. ಯಾಕವ್ವಾ ಎಂದು ಕೇಳಿದರೆ ಮಸಿ ಹಿಡಿದ ತೊಲೆಯತ್ತ ಬೆರಳು ತೋರಿಸಿ ನಗುತ್ತಿದ್ದಳು. ಉತ್ತರ ಹೊಳೆಯಿತು. ಹೊಳೆದ ಕೂಡಲೇ ಭಯವೂ ಆಯಿತು, ಏಕೆಂದರೆ ಅದು ಅರಸಿಯನ್ನೇ ತಾಗುವ ಮಾತು.

"ಅದು ಮನೆ ತಾಯಿ. ಒಲೆಯೇ ಅದರ ಹೊಟ್ಟೆ. ಒಲೆ ಉರಿದರೆ ಹೊಗೆ ಏರಿ, ಗೆದ್ದಲು ಹತ್ತದಂಗೆ ತೊಲೆ ಕಾಯುತ್ತೆ. ಒಲೆ ಉರಿಯೋ ಮನೇಲಿ ಜನ ಇರ್ತಾರೆ. ಬಿರುಕು ಕಂಡರೆ ಮೆತ್ತುತ್ತಾರೆ, ಗಿಡ ಬಾಡಿದರೆ ನೀರು ಹಾಕ್ತಾರೆ. ಪಾರವ್ವನ ಮನೆ ವಯಸ್ಸಾಗಿ ಕೆಟ್ಟಿಲ್ಲ. ಒಲೆ ಆರಿ ಕೆಟ್ಟಿದೆ."

"ಒಲೆ ಆರಿಸಿದವರು ಯಾರು?" ಮಂತ್ರಿ ಗದರಿದ.

"ಬೀಗ ಹಾಕಿದವರು."

ಭಟನ ಕೈ ಕತ್ತಿಯ ಹಿಡಿಗೆ ಹೋಯಿತು. ಅರಸಿ ಬೇಡವೆಂದು ಕೈ ಎತ್ತಿದಳು. ಅವಳ ಕಣ್ಣು ತುಂಬಿತ್ತು. "ನಾನು ಹೀಗೆ ಮಾಡುತ್ತೇನೆಂದು ಮೊದಲೇ ತಿಳಿದು, ಅವ್ವ ನನ್ನನ್ನೇ ಬೈದು ಹೋಗಿದ್ದಾಳೆ. ನನಗೆ ಈಗ ಕೇಳಿಸಿತು. ಮನೆ ನಿನ್ನದು, ಹೊಲ ನಿನ್ನದು. ಇನ್ನೇನು ಬೇಕು?"

"ಹೊಲದ ಬದಲು ಆ ಇಬ್ಬರ ಜೀವ ಕೊಡಿ. ಅವ್ವನ ಒಗಟಿಗೆ ತಲೆ ಉರುಳಿದರೆ, ಆ ಮನೇಲಿ ನನಗೆ ತುತ್ತು ಇಳಿಯೋದಿಲ್ಲ."

ಅರಸಿ ಹೊಲವನ್ನೂ ಕೊಟ್ಟಳು, ಇಬ್ಬರ ಜೀವವನ್ನೂ ಕೊಟ್ಟಳು.

ಬಿಡುಗಡೆಯಾದವರು ಊರಿಗೆ ಓಡಲಿಲ್ಲ. ಬಸವಂತ ತನ್ನ ಕುದುರೆಗಳ ಮೇಲೆ ಮಾಳಿಗೆಗೆ ಮಣ್ಣು ಹೇರಿಸಿದ. ಸಂಗನಾಯಕ ಬಾವಿಗಿಳಿದು ಹೂಳೆತ್ತಿದ. "ಇದ್ದ ತಲೆ ಇನ್ನೂ ಇದೆಯಲ್ಲ!" ಎಂದು ಆಗಾಗ ಕುತ್ತಿಗೆ ಮುಟ್ಟಿಕೊಂಡು ನಗುತ್ತಿದ್ದ. ಹುಲುಗಪ್ಪ ಹಳೆಯ ತೊಲೆಗಳಲ್ಲಿ ಗಟ್ಟಿ ಉಳಿದವನ್ನು ಹಾಗೇ ಇರಿಸಿಕೊಂಡು, ಟೊಳ್ಳಾದವನ್ನು ಮಾತ್ರ ಬದಲಿಸಿದ. ಜಾಲಿ ಕಡಿದಾಗ ಅದರಡಿ ಪಾರವ್ವನ ಮಲ್ಲಿಗೆಯ ಬುಡ ಸಿಕ್ಕಿತು. ನೀರು ಕಂಡದ್ದೇ ತಡ, ಚಿಗುರಿತು.

ಅರಸಿ ತಾನೇ ನೆಲ ಸಾರಿಸಿ, ಒಲೆಗೆ ಕಿಚ್ಚಿಟ್ಟು ಊದಿದಳು. ಹೊಗೆ ಬೆಳಕಿಂಡಿಯಿಂದ ಹೊರಟಾಗ ಬೀದಿಯವರೆಲ್ಲ ನಿಂತು ನೋಡಿದರು.

ಮೊದಲ ಮಳೆ ಬಂದ ದಿನ ಅರಸಿ ಆ ಮನೆಯಲ್ಲೇ ಇದ್ದಳು. ಹೊರಗೆ ಧೋ ಎಂದು ಸುರಿಯುತ್ತಿತ್ತು, ಒಳಗೆ ಒಂದು ಹನಿಯೂ ಬೀಳಲಿಲ್ಲ. ಹುಲುಗಪ್ಪ ಬಿಸಿ ರೊಟ್ಟಿ ಬಡಿಸಿ, ದೂರ ಸರಿದು ನಿಲ್ಲಲು ಹೋದ.

"ಅಲ್ಲೇಕೆ ನಿಲ್ಲುತ್ತೀ?" ಎಂದಳು ಅರಸಿ. "ನಮ್ಮಿಬ್ಬರಿಗೂ ಅನ್ನ ಹಾಕಿದ್ದು ಒಬ್ಬಳೇ ಅವ್ವ. ಬಾ ತಮ್ಮಾ, ತಟ್ಟೆ ತಗೊಂಡು ಪಕ್ಕದಲ್ಲಿ ಕೂತ್ಕೋ."