ಎರಡು ಬೆರಳು

ಹೊಳೆ ದಂಡೆಗೊಂದು ಆಶ್ರಮ. ಆಶ್ರಮಕ್ಕೊಂದು ಆಸ್ಪತ್ರೆ, ಆಸ್ಪತ್ರೆಗೊಂದು ನರ್ಸಿಂಗ್ ಶಾಲೆ. ಶಾಲೆಗೆ ದೊಡ್ಡವರು ಎಸ್ತರಮ್ಮ.

ಎಸ್ತರಮ್ಮನಿಗೆ ನಿವೃತ್ತಿಯಾಗಿ ಎಷ್ಟೋ ಕಾಲವಾಗಿತ್ತು. ಅದನ್ನು ಅವರಿಗೆ ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಹೆರಿಗೆ ವಾರ್ಡಿನಲ್ಲಿ ಹುಡುಗಿಯರಿಗೆ ಕೆಲಸ ಕಲಿಸುವವರು ಇವತ್ತಿಗೂ ಅವರೇ.

ಕಡೇ ವರ್ಷದ ಹುಡುಗಿಯರು ಒಂದೊಂದು ವಿಭಾಗ ಆರಿಸಿಕೊಳ್ಳುವ ಹೊತ್ತು ಬಂತು. ಮಾರನೇ ದಿನ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬಳೇ ಎದ್ದು ಹೇಳಬೇಕು. ಒಮ್ಮೆ ಹೇಳಿದರೆ ಮುಗಿಯಿತು, ಮುಂದಿನ ತರಬೇತಿಯೆಲ್ಲ ಅಲ್ಲೇ.

ಮಾದೇವಿಯನ್ನು ಮಾತ್ರ ಯಾವ ವಿಭಾಗ ಎಂದು ಯಾರೂ ಕೇಳಿರಲಿಲ್ಲ. ಕೇಳುವುದೇನು ಬಂತು? ಹೊಟ್ಟೆ ಚುರುಗುಟ್ಟುತ್ತಿದ್ದರೂ ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತು, ಕೂಸಿನ ಮೊದಲ ಅಳು ಕೇಳಿಯೇ ಊಟದ ತಟ್ಟೆಗೆ ಕೈ ಹಾಕುವ ಹುಡುಗಿ ಅವಳು.

ಅಂಥ ಮಾದೇವಿ ಆ ದಿನ ಸಂಜೆ ಹೊಳೆಯ ಮೆಟ್ಟಿಲಿಗೆ ಬಂದಳು. ಎಸ್ತರಮ್ಮ ನೆನೆಸಿದ ಅವರೆಕಾಳಿನ ಬೋಗುಣಿ ಮುಂದಿಟ್ಟುಕೊಂಡು ಕೂತಿದ್ದರು.

"ಅಮ್ಮ, ನಾನು ಆಪರೇಷನ್ ಥಿಯೇಟರ್ ತೊಗೋತೀನಿ."

"ಅಯ್ಯೋ, ಒಳ್ಳೇದೇ ಆಯ್ತು. ಯಾಕಂತೆ?"

"ಅಲ್ಲಿ ರೋಗಿಗೆ ಎಚ್ಚರ ಇರಲ್ಲ. ಕೂಗಲ್ಲ, ಕೈ ಹಿಡಿಯಲ್ಲ."

"ಅದೂ ಸರಿಯೇ. ಕೂತ್ಕೋ, ಅವರೆಕಾಳು ಹಿದುಕು."

ಮಾದೇವಿ ಕೂತಳು. ಎಡಗೈಯಿಂದ ಒಂದು ಕಾಳು ಹಿದುಕಿದಳು. ಅದು ಚಿಮ್ಮಿ ಹೊಳೆಗೆ ಬಿತ್ತು. ಇನ್ನೊಂದು ಎಸ್ತರಮ್ಮನ ಕನ್ನಡಕಕ್ಕೆ ತಗುಲಿತು.

"ಯಾಕೇ, ಬಲಗೈ ಯಾರಿಗೆ ದಾನ ಕೊಟ್ಟೆ?"

ಎಸ್ತರಮ್ಮ ಅವಳ ದುಪಟ್ಟಾ ಸರಿಸಿ ಬಲಗೈಯನ್ನು ಹೊರಗೆಳೆದರು. ಬೆರಳೆಲ್ಲ ಬಾತಿದ್ದವು. ಮುಂಗೈ ಮೇಲೆ ಉಗುರು ಊರಿದ ಗಾಯ ಸಾಲಾಗಿ ಕೆಂಪಗಿತ್ತು.

ಅಷ್ಟು ಸಾಕಾಯಿತು. ಬೆಳಗಿನಿಂದ ತಡೆದಿದ್ದ ಅಳು ಒಂದೇ ಸಮ ಬಂತು.

ಕೈ ಕೊಡುವುದು ಹೇಗೆ ಎಂಬುದೇ ಎಸ್ತರಮ್ಮನ ಮೊದಲ ದಿನದ ಮೊದಲ ಪಾಠ. ಹೆರಿಗೆ ನೋವು ತಿನ್ನುವವಳು ಹಿಡಿದುಕೊಳ್ಳಲು ಕೈ ಕೇಳಿದರೆ ಎರಡು ಬೆರಳು ಜೋಡಿಸಿ ಕೊಡು, ಕೈ ಕೊಡಬೇಡ. ಎರಡು ಬೆರಳನ್ನು ಎಷ್ಟು ಹಿಂಡಿದರೂ ಏನೂ ಆಗಲ್ಲ. ಇಡೀ ಕೈ ಸಿಕ್ಕರೆ ಮೂಳೆಗೆ ಮೂಳೆ ಒತ್ತಿ ಕೈ ಜಜ್ಜಿಹೋಗುತ್ತೆ. ಕೈ ಹೋದಮೇಲೆ ಕೂಸನ್ನು ಯಾವುದರಲ್ಲಿ ಹಿಡೀತೀಯ?

"ಬೆಳಿಗ್ಗೆ ಒಬ್ಬಳು ಚೊಚ್ಚಲ ಹೆರಿಗೆಯವಳು ಇದ್ದಳಮ್ಮ," ಅಂದಳು ಮಾದೇವಿ. "ಹೆರಿಗೆಯಾಯ್ತು. ಜಯಶೀಲಕ್ಕ ಕೂಸನ್ನ ನನ್ನ ಕೈಗೆ ಕೊಟ್ಟರು. ನನ್ನ ಕೈ ಮರಗಟ್ಟಿತ್ತು. ಕೂಸು ಜಾರ್ತು."

"ಆಮೇಲೆ?"

"ಅಕ್ಕ ಹಂಗೇ ಎರಡೂ ಕೈಯಲ್ಲಿ ಹಿಡಿದುಕೊಂಡರು. ಇಲ್ಲದಿದ್ದರೆ..."

"ಕೂಸು ಹೇಗಿದೆ?"

"ಚೆನ್ನಾಗಿದೆ. ಹೆಣ್ಣು."

"ಬಾಣಂತಿ?"

"ನಿದ್ದೆ ಮಾಡ್ತಿದಾಳೆ."

"ಎರಡು ಬೆರಳು ಯಾಕೆ ಕೊಡಲಿಲ್ಲ?"

"ಕೊಟ್ಟಿದ್ದೆ ಅಮ್ಮ, ನಿಮ್ಮಾಣೆ. ಮೊದಲು ಎರಡೇ ಕೊಟ್ಟಿದ್ದೆ."

"ಮತ್ತೆ?"

"ಅವಳು 'ಅವ್ವಾ' ಅಂತ ಕೂಗಿದಳು. ಅವಳ ಅವ್ವ ಊರಿಂದ ಇನ್ನೂ ಬಂದಿರಲಿಲ್ಲ. ನನ್ನ ಮುಖಾನೇ ನೋಡ್ತಾ ಕೂಗಿದಳು. ಆಮೇಲೆ ಏನಾಯ್ತೋ ನನಗೇ ಗೊತ್ತಾಗಲಿಲ್ಲ."

ಎಸ್ತರಮ್ಮ ಎಲೆ ಅಡಿಕೆ ಮೆಲ್ಲುತ್ತಾ ನಾಲ್ಕು ಕಾಳು ಹಿದುಕಿದರು.

"ನಾನು ಆ ವಾರ್ಡಿಗೆ ಲಾಯಕ್ಕಿಲ್ಲ ಅಮ್ಮ," ಮಾದೇವಿ ಮೂಗೊರೆಸಿಕೊಂಡಳು. "ಕಲಿತಿದ್ದೆಲ್ಲ ಮರೆತುಹೋಗುತ್ತೆ. ನಾಳೆ ಇನ್ನೊಂದು ಕೂಸು ಬಿದ್ದೇ ಹೋದರೆ?"

ಆಗಲೇ ಮೇಲಿನ ವಾರ್ಡಿನಿಂದ ಕೂಸೊಂದು ಕಿರ್ರೋ ಎಂದು ಅತ್ತಿತು. ಆಗ ತಾನೇ ಹುಟ್ಟಿದ್ದು. ಮಾದೇವಿಯ ಅಳು ಅರ್ಧಕ್ಕೇ ನಿಂತಿತು, ಕತ್ತು ತಾನಾಗಿ ಆ ಕಡೆ ತಿರುಗಿತು.

ಎಸ್ತರಮ್ಮ ಗೊಳ್ಳನೆ ನಕ್ಕರು. "ಥಿಯೇಟರ್‌ಗೆ ಹೋಗೋಳ ಕತ್ತು ಆ ಕಡೆ ಯಾಕೆ ತಿರುಗ್ತೋ?"

"ತಮಾಷೆ ಮಾಡಬೇಡಿ ಅಮ್ಮ."

"ಸರಿ, ಮಾಡಲ್ಲ. ತೊಗೋ, ಹಿಡಿ." ಎರಡು ಬೆರಳು ಜೋಡಿಸಿ ಮುಂದೆ ಚಾಚಿದರು. "ಹಿಂಡು. ಇನ್ನೂ ಜೋರಾಗಿ. ಬೆಳಿಗ್ಗೆ ಉಂಡಿಲ್ವೇನೇ?"

ಮಾದೇವಿ ಎಡಗೈಯಿಂದ ಬಲವೆಲ್ಲ ಹಾಕಿ ಹಿಂಡಿದಳು. ಎಸ್ತರಮ್ಮ ಹಾಯಾಗಿ ಎಲೆ ಅಡಿಕೆ ಮೆಲ್ಲುತ್ತಲೇ ಇದ್ದರು.

"ಈಗ ಇದನ್ನ ಹಿಡಿ." ಈ ಸಲ ಇಡೀ ಕೈ ಕೊಟ್ಟರು.

ಮಾದೇವಿ ಹಿಡಿದಳು. ಹಿಂಡಲಿಲ್ಲ. ಆ ಕೈ ಬೆಚ್ಚಗಿತ್ತು, ಬಿಡಬೇಕು ಅನ್ನಿಸಲಿಲ್ಲ. ಕಿರುಬೆರಳು ಮಾತ್ರ ಒಳಕ್ಕೆ ಸೊಟ್ಟಗಿತ್ತು. ಅದನ್ನು ಅವಳು ದಿನವೂ ನೋಡಿದ್ದಳು, ಮುಟ್ಟಿದ್ದು ಇವತ್ತೇ.

"ವಾಯು ಹಿಡಿದಿದೆ ಅಂತ ನಾವೆಲ್ಲ ಅಂದ್ಕೊಂಡಿದ್ವಿ."

"ವಾಯು ಅಲ್ಲ. ಸಾಕಮ್ಮ."

"ಯಾರು ಸಾಕಮ್ಮ?"

"ಆಗ ನನಗೆ ನಿನ್ನ ವಯಸ್ಸು. ಅವಳಿಗೆ ಅವಳಿ ಮಕ್ಕಳು. ಮೊದಲನೇದು ಬರೋವಾಗ ಎರಡು ಬೆರಳು ಕೊಟ್ಟಿದ್ದೆ. ಎರಡನೇದಕ್ಕೆ ಮರೆತೆ."

ಮಾದೇವಿಗೆ ಅಳುವಿನ ನಡುವೆಯೇ ನಗು ಬಂತು.

"ಹಾಗಾದ್ರೆ ನಾನು ಯಾವುದು ತೊಗೊಳ್ಳಲಿ ಅಮ್ಮ?"

"ಥಿಯೇಟರ್ ಬೇಕು ಅನ್ನಿಸಿದರೆ ಥಿಯೇಟರ್ ತೊಗೋ. ಅಲ್ಲೂ ಜೀವ ಉಳಿಸೋ ಕೆಲಸವೇ. ಇಲ್ಲಿಂದ ಓಡಿ ಹೋಗೋದಾದರೆ ಅಲ್ಲಿಗ್ಯಾಕೆ ಹೋಗ್ತೀಯ? ಬಸ್ ಸ್ಟ್ಯಾಂಡು ಇನ್ನೂ ಹತ್ತಿರ."

ಅಷ್ಟು ಹೇಳಿ ಅವಳನ್ನು ಒಳಗೆ ಕರಕೊಂಡು ಹೋದರು. ಕೈಗೆ ತಣ್ಣೀರ ಬಟ್ಟೆ ಸುತ್ತಿದರು, ಗಾಯಕ್ಕೆ ಮುಲಾಮು ಹಚ್ಚಿದರು. ಬಲಗೈ ಮೇಲೇಳದ್ದಕ್ಕೆ ಮುದ್ದೆ ಮುರಿದು, ಅವರೆಕಾಳಿನ ಸಾರಿನಲ್ಲಿ ಅದ್ದಿ ತಾವೇ ತುತ್ತು ಕೊಟ್ಟರು. ವಿಭಾಗದ ಮಾತು ಮತ್ತೆ ಎತ್ತಲೇ ಇಲ್ಲ. ಮಾದೇವಿಗೆ ಹೆತ್ತ ತಾಯಿಯ ನೆನಪಾಗಿ ಕಣ್ಣು ತುಂಬಿತು.

ಬೆಳಗಾಯಿತು. ಪ್ರಾರ್ಥನೆ ಮುಗಿಯಿತು. ಒಬ್ಬಳು ಮಕ್ಕಳ ವಾರ್ಡು ಅಂದಳು, ಇನ್ನೊಬ್ಬಳು ಹೃದಯದ ವಿಭಾಗ ಅಂದಳು. ಮಾದೇವಿಯ ಸರದಿ ಬಂತು. ಅವಳು ಎದ್ದು ನಿಂತಳು.

"ಹೆರಿಗೆ ವಾರ್ಡು," ಅಂದಳು. ಆಮೇಲೆ ಮೆಲ್ಲಗೆ, "ನೀವು ಸೇರಿಸಿಕೊಂಡರೆ."

ಕೂಡಲೇ ಜಯಶೀಲಾ ಎದ್ದಳು. ವಾರ್ಡಿನ ಹಿರಿಯ ನರ್ಸು ಅವಳೇ, ಕೂಸನ್ನು ಹಿಡಿದುಕೊಂಡವಳೂ ಅವಳೇ. ಆ ಹೆದರಿಕೆ ಅವಳ ಮುಖದಿಂದ ಇನ್ನೂ ಹೋಗಿರಲಿಲ್ಲ.

"ಅಮ್ಮ, ನನಗೆ ಇವಳ ಮೇಲೆ ಕೋಪ ಇಲ್ಲ. ಆದರೆ ನಿನ್ನೆ ನನ್ನ ಎದೆ ಒಡೆದುಹೋಗ್ತಿತ್ತು. ನೀವು ಮೊದಲ ದಿನ ಹೇಳಿಕೊಟ್ಟ ಪಾಠವನ್ನೇ ಮರೆತವಳು ಇವಳು. ಯಾವ ನಂಬಿಕೆ ಮೇಲೆ ಇವಳ ಕೈಗೆ ಕೂಸು ಕೊಡೋದು?"

ಮಾದೇವಿ ತಲೆ ತಗ್ಗಿಸಿದಳು. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ತನ್ನ ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡಳು.

ಎಸ್ತರಮ್ಮ ಎದ್ದು ಬಂದು ಬಟ್ಟೆ ಸುತ್ತಿದ ಆ ಕೈಯನ್ನು ಮೆಲ್ಲಗೆ ತಮ್ಮ ಸೊಟ್ಟ ಬೆರಳಿನ ಕೈಯಲ್ಲಿ ತೆಗೆದುಕೊಂಡರು.

"ನೀನು ಹೇಳೋದು ಸರಿ ಜಯಶೀಲಾ, ಇವಳು ಪಾಠ ಕಲಿಯೋವರೆಗೆ ಕೂಸು ಕೊಡೋದು ಬೇಡ. ಎರಡು ಬೆರಳು ಕೊಡೋದನ್ನ ನಾನು ಕಲಿಸ್ತೀನಿ. ಇಡೀ ಕೈ ಕೊಡೋದನ್ನ ಕಲಿಸೋಕೆ ನನಗೆ ಇವತ್ತಿಗೂ ಬಂದಿಲ್ಲ ಕಣವ್ವ."