ವಾಡೆಯ ಬೀಸುವ ಕಲ್ಲು

"ಗುರುಗಳೇ, ಹಿರಿಯ ಗುರುಗಳ ಕೋಣೆಯನ್ನು ಅವರಿದ್ದಾಗ ಇದ್ದಂತೆಯೇ ಉಳಿಸಬೇಕೆಂದು ಬಾಗಿಲಿಗೆ ಅಡ್ಡವಾಗಿ ಹಗ್ಗ ಕಟ್ಟಿದ್ದೇವೆ. ಆದರೂ ಕೆಲವರು ಒಳಗೆ ಬಿಡಿ ಎಂದು ಬೇಡುತ್ತಾರೆ. ಅವರಿಗೆ ಏನು ಹೇಳಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ದೇಸಾಯರ ವಾಡೆ ಎಂಬ ಹಳೆಯ ದೊಡ್ಡ ಮನೆಯಿತ್ತು. ಮನೆತನದವರು ಯಾರೂ ಉಳಿಯಲಿಲ್ಲ. ವಾಡೆ ವಸ್ತುಸಂಗ್ರಹಾಲಯವಾಯಿತು. ತೂಗುಮಂಚ, ಪಲ್ಲಕ್ಕಿ, ಅಡುಗೆಯ ಪಾತ್ರೆ ಎಲ್ಲವನ್ನೂ ಒರೆಸಿ ಇಟ್ಟರು. ಯಾರೂ ಯಾವುದನ್ನೂ ಮುಟ್ಟದಂತೆ ನೋಡಿಕೊಳ್ಳಲು ಒಬ್ಬ ಕಾವಲುಗಾರನನ್ನು ನೇಮಿಸಿದರು.

ಒಂದು ದಿನ ತಾಯವ್ವ ಎಂಬ ಮುದುಕಿ ಟಿಕೆಟು ಕೊಂಡು ಒಳಗೆ ಬಂದಳು. ಹರೆಯದಲ್ಲಿ ಅವಳು ಆ ವಾಡೆಯಲ್ಲಿ ಕೆಲಸಕ್ಕಿದ್ದವಳು. ತೂಗುಮಂಚದ ಕಡೆಗೆ ತಿರುಗಿಯೂ ನೋಡದೆ ಅಡುಗೆಮನೆಗೆ ಹೋದಳು. ಅಲ್ಲಿ ಬೀಸುವ ಕಲ್ಲನ್ನು ಗೋಡೆಗೆ ಒತ್ತಿ ಇಟ್ಟಿದ್ದರು. ದೇಸಾಯರ ಹೆಂಡತಿ ಬಾಯಿಸಾಹೇಬರು ಬಳಸಿದ್ದು ಎಂದು ಪಕ್ಕದಲ್ಲಿ ಬರೆದಿತ್ತು. ತಾಯವ್ವ ಅದರ ಮುಂದೆ ಬಹಳ ಹೊತ್ತು ನಿಂತಳು.

"ತಮ್ಮಾ, ಇದನ್ನ ಒಂದೀಟು ಈಚೆ ಸರಸ್ತೀಯೇನು? ನಾ ಕೂಡೋ ಕಡೆ ಗೋಡಿ ಬಂದೈತಿ" ಎಂದಳು.

"ಸರಸಾಕ ಬರಂಗಿಲ್ಲವ್ವಾ. ಇದು ಬಾಯಿಸಾಹೇಬರ ಕಲ್ಲು" ಎಂದ ಕಾವಲುಗಾರ.

"ಹೌದಪ್ಪಾ, ಅವರದ. ಅವರು ಆ ಕಡೆ, ನಾನು ಈ ಕಡೆ. ಒಂದ ಗೂಟಕ್ಕ ಇಬ್ಬರ ಕೈ. ನಾ ಬಸುರಿದ್ದಾಗ ಅವರ ಅತ್ತಿ ನನಗ ಬಿಡುವು ಕೊಡಲಿಲ್ಲ. ಬಾಯಿಸಾಹೇಬರು, ನೀ ಬರೇ ಕೈ ಇಟ್ಟು ಕೂಡು ತಾಯವ್ವಾ ಅಂದ್ರು. ಮೂರು ತಿಂಗಳು ಕಲ್ಲು ತಿರುಗಿಸಿದವರು ಅವರೊಬ್ಬರ. ನೋಡಿದವರಿಗೆ ಇಬ್ಬರೂ ಬೀಸಿದಂಗ ಕಾಣತಿತ್ತು."

ಮೇಲಿನವರಿಗೆ ತಿಳಿದರೆ ಕಾವಲುಗಾರನ ಕೆಲಸ ಹೋಗುವಂತಿತ್ತು. ಅವನು ಹೊರಗೆ ಒಮ್ಮೆ ಇಣುಕಿ ನೋಡಿದ. ಬಂದು ಕಲ್ಲನ್ನು ಎಳೆದು ನಡುವೆ ಇಟ್ಟ. ತಾಯವ್ವನ ಕೈ ಹಿಡಿದು ಅವಳ ಕಡೆಗೆ ಕೂರಿಸಿದ.

ಅವಳು ಗೂಟದ ಮೇಲೆ ಕೈ ಇಟ್ಟಳು. ತಿರುಗಿಸಲಿಲ್ಲ. ಎದುರಿನ ಖಾಲಿ ಜಾಗವನ್ನು ನೋಡಿ, ಸಣ್ಣ ದನಿಯಲ್ಲಿ ಮಗಳ ಮದುವೆಯಾದದ್ದು, ಮೊಮ್ಮಕ್ಕಳು ಹುಟ್ಟಿದ್ದು ಎಲ್ಲ ಹೇಳಿದಳು. ಕಾವಲುಗಾರ ಬಾಗಿಲಲ್ಲಿ ನಿಂತು, ಬಂದವರನ್ನು ಬೇರೆ ಕೋಣೆಗಳ ಕಡೆಗೆ ಕಳಿಸುತ್ತಿದ್ದ. ಅವಳು ಹೋದ ಮೇಲೂ ಅವನು ಕಲ್ಲನ್ನು ಮತ್ತೆ ಗೋಡೆಗೆ ತಳ್ಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಹೀಗೆ ಬಂದವರನ್ನೆಲ್ಲ ಒಳಗೆ ಬಿಟ್ಟರೆ, ಇರುವ ವಸ್ತುಗಳು ಸವೆದುಹೋಗುವುದಿಲ್ಲವೇ?" ಎಂದ.

ಗುರುಗಳು ಹೇಳಿದರು: "ಆ ಕಲ್ಲು ಸವೆದದ್ದರಿಂದಲೇ ಅಲ್ಲವೇನಪ್ಪಾ, ಆ ಮನೆಯಲ್ಲಿ ಅಷ್ಟು ಜನ ಉಂಡದ್ದು."